ಅಮೀರ್ ಟಾಕೀಸಿನ ಹೆಸರು

1983ರಲ್ಲಿ ಬಿ.ಎ. ಮೊದಲ ವರ್ಷಕ್ಕೆ ಹೆಸರು ಹಚ್ಚಲೆಂದು ಬೀಳಗಿ ಕಡೆಯ ಹಳ್ಳಿಯಿಂದ ನಾನು ವಿಜಯಪುರದ ಈ ಕಾಲೇಜಿಗೆ ಬಂದಾಗ ಬಾಗಲಕೋಟೆ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಈ ಊರಿನ ಹೆಸರೂ ಇನ್ನೂ ಬಿಜಾಪುರವೇ ಆಗಿತ್ತು. ಊರು ಪರಿಚಯವಾಗುವ ಮೊದಲೇ ನನಗೆ ಪರಿಚಯವಾದದ್ದು ಅಮೀರ್ ಟಾಕೀಸು. ಅಮೀರ್ ಎಂದರೆ ಆ ಟಾಕೀಸನ್ನು ಕಟ್ಟಿಸಿದ ಯಾರೋ ಸಾಹುಕಾರರಿರಬೇಕು ಎಂದು ನಾನೂ ನನ್ನ ಕೋಣೆಯ ಗೆಳೆಯರೂ ತಿಳಿದಿದ್ದೆವು.

ಆ ತಿಳಿವಳಿಕೆಯನ್ನು ಕೆಡವಿದವರು ನಮ್ಮ ಕನ್ನಡ ಅಧ್ಯಾಪಕರು. ಹಾಜರಿ ಕರೆಯುತ್ತ ನನ್ನ ಊರನ್ನು ಕೇಳಿದ ಅವರು ಪುಸ್ತಕದಿಂದ ತಲೆಯೆತ್ತಿ, "ಬೀಳಗಿ ಅಂದ್ರ ಅಮೀರಬಾಯಿ ಊರು. ಗೊತ್ತದ ಏನ್ ತಮ್ಮಾ?" ಎಂದರು. ನನಗೆ ಗೊತ್ತಿರಲಿಲ್ಲ. "ನೀವು ಓಡಿ ಹೋಗಿ ಸಿನಿಮಾ ನೋಡ್ತೀರಲ್ಲ, ಆ ಟಾಕೀಸು ಆಕಿ ಹೆಸರಿಂದೇ ಅದ" ಎಂದು ಹೇಳಿ, ಮುಂದಿನ ಹೆಸರನ್ನು ಕರೆದುಬಿಟ್ಟರು.

ಅಮೀರಬಾಯಿ ಕರ್ನಾಟಕಿ ನಟಿಯೂ ಹೌದು, ಗಾಯಕಿಯೂ ಹೌದು. ಅಕ್ಕ ಗೋಹರಬಾಯಿ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹೆಸರಾದರೆ, ತಂಗಿ ಮುಂಬಯಿಯ ಹಿಂದಿ ಚಿತ್ರಗಳಲ್ಲಿ ಹೆಸರಾದಳು. 1943ರ 'ಕಿಸ್ಮತ್' ಚಿತ್ರದ ನಾಯಕಿ ಮುಮ್ತಾಜ್ ಶಾಂತಿಗೆ ಹಾಡಿನ ಕಂಠವಾಗಿದ್ದವಳು ಆಕೆಯೇ. ಅನಿಲ್ ಬಿಸ್ವಾಸರು ಸಂಗೀತ ಕೊಟ್ಟ ಆ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಕವಿ ಪ್ರದೀಪರು ಬರೆದ 'ದೂರ ಹಟೋ' ಹಾಡಿನಲ್ಲಿ ಜರ್ಮನರನ್ನೂ ಜಪಾನಿಯರನ್ನೂ ಹೆಸರಿಸಿದ್ದರಿಂದ ಬ್ರಿಟಿಷ್ ಸರ್ಕಾರದ ಪರಿಶೀಲಕರಿಗೆ ಅದು ಯುದ್ಧಕಾಲದ ಹಾಡೆನಿಸಿತಾದರೂ, ಚಿತ್ರಮಂದಿರದಲ್ಲಿ ಕುಳಿತವರಿಗೆ ದೂರ ಸರಿಯಬೇಕಾದವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಖಾನ್ ಮಸ್ತಾನಾ ಅವರೊಂದಿಗೆ ಆ ಹಾಡಿಗೆ ಕಂಠ ಕೊಟ್ಟವಳು ಬೀಳಗಿಯ ಹೆಣ್ಣುಮಗಳು ಎಂಬುದು ತಿಳಿದ ದಿನ ನಾನು ವಸತಿಗೃಹದಲ್ಲಿ ಸ್ವಲ್ಪ ಹೆಚ್ಚೇ ಜಂಬ ಕೊಚ್ಚಿಕೊಂಡೆನೆಂಬುದನ್ನು ಒಪ್ಪಿಕೊಳ್ಳಬೇಕು.

ಆ ವರ್ಷದ ಗ್ಯಾದರಿಂಗಿನಲ್ಲಿ ಅಮೀರಬಾಯಿಯ ಹಾಡುಗಳನ್ನು ಕೇಳಿಸಬೇಕೆಂದು ಅಧ್ಯಾಪಕರಿಗೆ ಬಹಳ ಆಸೆಯಿತ್ತು. ನಮ್ಮವರಿಗೆ ಆರ್ಕೆಸ್ಟ್ರಾ ಬೇಕಾಗಿತ್ತು, ಆರ್ಕೆಸ್ಟ್ರಾವೇ ಬಂತು. ಅಧ್ಯಾಪಕರು ಬೇಸರಪಟ್ಟುಕೊಳ್ಳದೆ ಒಂದು ಶನಿವಾರ ಮಧ್ಯಾಹ್ನ ಕೀಲಿ ಕೊಡುವ ಗ್ರಾಮಫೋನನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಬಂದು, ಖಾಲಿ ತರಗತಿಯಲ್ಲಿ ಹನ್ನೊಂದು ಜನ ವಿದ್ಯಾರ್ಥಿಗಳ ಮುಂದೆ ತಟ್ಟೆಗಳನ್ನು ಒಂದಾದ ಮೇಲೊಂದರಂತೆ ಹಾಕಿದರು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಮುಗಿದೊಡನೆ ಮತ್ತೆ ಕೀಲಿ. 1944ರ 'ರತನ್' ಚಿತ್ರಕ್ಕೆ ನೌಶಾದರ ಸಂಗೀತದಲ್ಲಿ ಆಕೆ ಹಾಡಿದ ವಿರಹದ ಹಾಡನ್ನು ಎರಡು ಸಲ ಕೇಳಿಸಿದರು. ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಎದೆಬಿಚ್ಚಿ ಹಾಡುವುದನ್ನು ರಂಗಭೂಮಿ ಕಲಿಸಿತ್ತೆಂದೂ, ಮೈಕಿನ ಮುಂದೆ ಅದೇ ದನಿಯನ್ನು ಎಷ್ಟು ತಗ್ಗಿಸಬೇಕು, ಎಲ್ಲಿ ತಗ್ಗಿಸಬಾರದು ಎಂಬುದನ್ನು ಆಕೆ ತಾನೇ ಕಂಡುಕೊಂಡಳೆಂದೂ ಅವರು ವಿವರಿಸಿದರು. ಛಂದಸ್ಸಿನ ಪಾಠ ನನಗೆ ಎಂದೂ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

1948ರ 'ಶಹನಾಜ್' ಚಿತ್ರಕ್ಕೆ ಆಕೆಯೇ ಸಂಗೀತ ನಿರ್ದೇಶನ ಮಾಡಿದ್ದಳೆಂಬ ಮಾತಿಗೆ ಬಂದಾಗ ಅಧ್ಯಾಪಕರ ದನಿ ಏರಿತು. ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳು ವಾದ್ಯಗಾರರ ಮುಂದೆ ನಿಂತು ಹೀಗೆ ನುಡಿಸಿ ಎಂದು ಹೇಳುವುದೆಂದರೆ ಹಾಡುವುದಕ್ಕಿಂತ ದೊಡ್ಡ ಕೆಲಸವೆಂಬುದು ಅವರ ಅಭಿಪ್ರಾಯವಾಗಿತ್ತು; ನನ್ನದೂ ಈಗ ಅದೇ. ಅದಾದ ಕೆಲವೇ ದಿನಗಳಲ್ಲಿ ಲತಾ ಮಂಗೇಶಕರರ ತೆಳುವಾದ, ಎತ್ತರದ ದನಿ ಬಂತು. ತುಂಬುಕಂಠದ ಗಾಯಕಿಯರಿಗೆ ಹಾಡುಗಳು ಕಡಿಮೆಯಾದವು. ಅಮೀರಬಾಯಿ ಪೋಷಕ ಪಾತ್ರಗಳಿಗೆ ಸರಿದಳು; 1965ರ ಮಾರ್ಚಿನಲ್ಲಿ ತೀರಿಕೊಂಡಳು. ಮುಂದೆ ರಹಮತ್ ತರೀಕೆರೆಯವರು ಆಕೆಯ ಜೀವನಚರಿತ್ರೆಯನ್ನು ಬರೆದರು. ಅದು ಕೈಗೆ ಬಂದಾಗ ನನ್ನ ತಲೆ ನರೆತಿತ್ತು.

ಅಂದು ಗ್ರಾಮಫೋನನ್ನು ಮರಳಿ ಸೈಕಲ್ಲಿಗೆ ಕಟ್ಟುತ್ತ ಅಧ್ಯಾಪಕರು ನನಗೊಂದು ಕೆಲಸ ಹಚ್ಚಿದರು: ದೀಪಾವಳಿ ಸೂಟಿಗೆ ಊರಿಗೆ ಹೋದಾಗ ಹಿರಿಯರನ್ನು ಕೇಳಿಕೊಂಡು ಬರಬೇಕು. ನಾನು ನಮ್ಮ ಅಮ್ಮನನ್ನು, ಎಂದರೆ ತಂದೆಯ ತಾಯಿಯನ್ನು, ಕೇಳಿದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. "ಅಕಿ ಬೊಂಬಾಯಿಗೆ ಹೋಗಿ ದೊಡ್ಡಾಕಿ ಆದ್ಲಂತ. ಹಾಡು ನಾವೆಲ್ಲಿ ಕೇಳೂದಪಾ, ಹಾಡಿನ ಪೆಟಗಿ ಗೌಡ್ರ ಮನ್ಯಾಗ ಇತ್ತು. ಬಾಗಲದಾಗ ನಿಂತು ಕೇಳಾಕ ಹೋದ್ರ ಕೆಲಸ ಇಲ್ಲೇನ ಅಂತ ಬೈತಿದ್ರು" ಎಂದು ಹೇಳಿ, ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

ಇದೇನು ದೊಡ್ಡ ಸುದ್ದಿಯಲ್ಲವೆಂದು ಹಿಂಜರಿಯುತ್ತಲೇ ಅಧ್ಯಾಪಕರಿಗೆ ಅದನ್ನು ಒಪ್ಪಿಸಿದೆ. ಅವರು ಕಿಸೆಯಿಂದ ಸಣ್ಣ ವಹಿಯೊಂದನ್ನು ತೆಗೆದು, ಅಮ್ಮನ ಮಾತನ್ನು ಆಕೆ ಆಡಿದ ಹಾಗೆಯೇ ಇನ್ನೊಮ್ಮೆ ಹೇಳಿಸಿ, ಒಂದಕ್ಷರ ತಿದ್ದದೆ ಬರೆದುಕೊಂಡು, ಕೆಳಗೆ ಆಕೆಯ ಹೆಸರನ್ನೂ ಅಂದಿನ ತಾರೀಖನ್ನೂ ಹಾಕಿದರು.