ಮೊದಲು ಮಲೆನಾಡು, ಆಮೇಲೆ ಅವಧ್

ಭಾರತದ ಬದುಕನ್ನು ಹತ್ತಿರದಿಂದ ಕಾಣಿಸುವ ಕಾದಂಬರಿ ಯಾವುದೆಂದು ಕೇಳಿದವರಿಗೆ ನಾನು ಮೊದಲು ಸೂಚಿಸುವುದು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಒಡೆಯರು, ಜೀತದಾಳುಗಳು, ಮತಪ್ರಚಾರಕ್ಕೆ ಬಂದ ಪಾದ್ರಿಗಳು ಎಲ್ಲರಿಗೂ ಅದರಲ್ಲಿ ಸಮಾನ ಸ್ಥಾನವಿದೆ. ಜೀತದಾಳು ಗುತ್ತಿಯ ಬೆನ್ನು ಬಿಡದೆ ಕಾಡು ಅಲೆಯುವ ಹುಲಿಯನೆಂಬ ನಾಯಿಯೂ, ಮುಂದೆ ತುಂಬಿ ಹರಿಯುವ ತುಂಗೆಯ ದಡದಲ್ಲಿ, ಯಾವ ಮನುಷ್ಯಪಾತ್ರಕ್ಕೂ ಕಡಿಮೆಯಿಲ್ಲದಂತೆ ಓದುಗರನ್ನು ಕಲಕಿಬಿಡುತ್ತದೆ. ಆರಂಭದಲ್ಲಿ ಮನೆತನಗಳ ಹೆಸರುಗಳು ತೊಡರುವುದು ನಿಜ, ಅಲ್ಲಿ ತಾಳ್ಮೆ ಬೇಕು.

ಕರಾವಳಿಯ ಮೂರು ತಲೆಮಾರುಗಳ ಕಥೆಯಾದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನೂ ಓದಬೇಕು. ಕನ್ನಡದಾಚೆಗೆ, ಒಂದು ಹಸುವಿನ ಆಸೆ ಹೊತ್ತು ಸಾಲದಲ್ಲಿ ಮುಳುಗುವ ಉತ್ತರ ಭಾರತದ ಅವಧ್ ಪ್ರಾಂತ್ಯದ ರೈತ ಹೋರಿಯ ಕಥೆ, ಹಿಂದಿ ಲೇಖಕ ಪ್ರೇಮಚಂದರ ‘ಗೋದಾನ’ (1936). ಅದರ ನಗರದ ಅಧ್ಯಾಯಗಳು ನನಗೆ ತುಸು ಸಪ್ಪೆಯೆನಿಸಿದರೂ, ಊರ ಪಂಚರಿಗೂ ಹೆದರದ, ಹೋರಿಯ ಹೆಂಡತಿ ಧನಿಯಾಳ ಬಿರುನುಡಿಗಳಿಗಾಗಿಯೇ ಅದನ್ನು ಮತ್ತೆ ಮತ್ತೆ ತೆರೆಯುತ್ತೇನೆ.