ನಾನು ಸ್ವಿಚ್ ಮುಟ್ಟಲೇ ಇಲ್ಲ ಅಣ್ಣಾ

ಕಂಪ್ಲೇಂಟ್ ಕಾರ್ಡಿನಲ್ಲಿ ಒಂದೇ ಸಾಲು: ‘ನಿಂತು ನಿಂತು ಓಡುತ್ತೆ.’ ಅದೇ ಏಳೂಕಾಲು ಇಂಚಿನ ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಮರ ಕೊಯ್ಯುವ ಮಷಿನ್, ವಾರದಲ್ಲಿ ಎರಡನೇ ಸಲ ನನ್ನ ರಿಪೇರಿ ಟೇಬಲ್ಲಿಗೆ ಬಂದಿತ್ತು. ಮೊದಲ ಸಲ ಹಿಂದೆ ಮುಂದೆ ನೋಡದೆ, ಮೋಟರಿನೊಳಗೆ ಕರೆಂಟ್ ದಾಟಿಸುತ್ತಾ ಸವೆಯುವ ಕಾರ್ಬನ್ ಜೋಡಿ ಬದಲಿಸಿ ಕಳಿಸಿದ್ದೆ. ಹಳೇ ಕಾರ್ಬನ್ ಅರ್ಧಕ್ಕಿಂತ ಜಾಸ್ತಿಯೇ ಉಳಿದಿತ್ತು. ಅದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಹೊಸದು ಹಾಕಿದೆ, ಓಡಿತು, ಮುಗೀತು ಅಂದುಕೊಂಡೆ.

ಈ ಸಲ ಪ್ಲಗ್ ಹಾಕಿ ಟ್ರಿಗರ್ ಒತ್ತಿದರೆ ಉಸಿರೇ ಇಲ್ಲ. ಎರಡು ಸಲ ಒತ್ತಿ, ಟ್ರಿಗರನ್ನು ಒತ್ತಿದಂತೆಯೇ ಹಿಡಿದಿಡುವ ಲಾಕ್ ಬಟನ್ನನ್ನೂ ಅದುಮಿ ನೋಡಿದೆ. ಇಲ್ಲ. ಹಾಗಾದರೆ ಸ್ವಿಚ್ಚೇ ಹೋಗಿದೆ ಅಂತ ತೀರ್ಮಾನಿಸಿ, ಬಿಚ್ಚುವ ಮೊದಲು ಬ್ಲೇಡ್ ತೆಗೆಯೋಣ ಅಂತ ಸಾ ಮಗ್ಗುಲಾಗಿಸಿದೆ. ಬಲಗೈಯಲ್ಲಿ ಅಲೆನ್ ಕೀ. ಎಡಗೈಯಲ್ಲಿ ಗಾರ್ಡ್ ಹಿಂದಕ್ಕೆ ಎಳೆದು ಬ್ಲೇಡ್ ಹಿಡಿದುಕೊಂಡಿದ್ದೆ. ಹಲ್ಲಿನ ತುಂಬ ಅಂಟು ಮೆತ್ತಿಕೊಂಡಿತ್ತು. ಒರೆಸೋಣ ಅಂತ ಬ್ಲೇಡ್ ಬಿಟ್ಟು ಪಕ್ಕದ ಬಟ್ಟೆಗೆ ಕೈ ಚಾಚಿದೆ.

ಅಷ್ಟರಲ್ಲಿ ಹೆಲ್ಪರ್ ಹುಡುಗ, ಕಾಲಿಗೆ ಸಿಗುತ್ತಿದ್ದ ವೈರನ್ನು ಎತ್ತಿ ಪಕ್ಕಕ್ಕೆ ಹಾಕಿದ.

ಸಾ ಗರ್ ಅಂತ ಎದ್ದಿತು. ಟೇಬಲ್ ಅಂಚನ್ನು ಕಚ್ಚಿ, ಮರದ ಪುಡಿ ನನ್ನ ಮುಖಕ್ಕೆ ಎರಚಿ, ಜಾರಿ ಕೆಳಗೆ ಬಿದ್ದು ವೈರಿನಲ್ಲಿ ನೇತಾಡಿತು. ಆ ಎಳೆತಕ್ಕೆ ಕರೆಂಟ್ ಮತ್ತೆ ತಪ್ಪಿತು. ಬ್ಲೇಡ್ ಮಾತ್ರ ಸುತ್ತುತ್ತಲೇ ಇತ್ತು, ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ನನ್ನ ಬೆರಳು ಐದೂ ಇದ್ದವು, ಎಣಿಸಿಯೇ ನೋಡಿದೆ.

“ಅಣ್ಣಾ, ನಾನು ಸ್ವಿಚ್ ಮುಟ್ಟಲೇ ಇಲ್ಲ.”

ಮುಟ್ಟಿದ್ದವನು ನಾನು. ಲಾಕ್ ಹಾಕಿ ಬಿಡಿಸದೆ ಮರೆತವನೂ ನಾನೇ. ಓಡದ ಮಷಿನ್ನಿನಲ್ಲಿ ಕರೆಂಟ್ ಇರಲ್ಲ ಅಂತ ನಂಬಿ ಪ್ಲಗ್ಗನ್ನು ಗೋಡೆಯಲ್ಲೇ ಬಿಟ್ಟಿದ್ದೆ.

ಪ್ಲಗ್ ಕಿತ್ತು, ಕೈ ನಡುಕ ನಿಂತ ಮೇಲೆ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಟ್ರಿಗರ್ ಒತ್ತಿ ಹಿಡಿದು ಪ್ಲಗ್ಗಿನ ಎರಡು ಪಿನ್ನಿಗೆ ಮೀಟರ್ ಕೊಟ್ಟೆ. ಸರಿ ಇರುವ ಸಾ ಕೆಲವೇ ಓಮ್ ತೋರಿಸಬೇಕು, ಇದು ಓಪನ್, ಅಂದರೆ ಕರೆಂಟ್ ಹರಿಯುವ ದಾರಿ ಎಲ್ಲೋ ಕಡಿದಿದೆ. ಹ್ಯಾಂಡಲ್ ಹತ್ತಿರ ರಬ್ಬರ್ ಸ್ಲೀವ್ ಇರುವಲ್ಲಿ ವೈರ್ ಬಗ್ಗಿಸಿದರೆ ರೀಡಿಂಗ್ ಬಂತು, ಬಿಟ್ಟರೆ ಹೋಯಿತು. ಸೈಟಿನವರು ಸಾ ಎತ್ತುವುದು ವೈರ್ ಹಿಡಿದೇ, ಸುತ್ತಿಡುವುದೂ ಬಿಗಿಯಾಗಿ. ಒಳಗಿನ ತಾಮ್ರದ ಎಳೆಗಳು ತುಂಡಾಗುವುದು ಹೆಚ್ಚಾಗಿ ಅಲ್ಲೇ, ಹೊರಗಿನ ರಬ್ಬರ್ ನೆಟ್ಟಗಿದ್ದು ಮೋಸ ಮಾಡುತ್ತೆ. ಒಂದು ಗೇಣು ವೈರ್ ಕತ್ತರಿಸಿ ಹಾಕಿ, ಮತ್ತೆ ಜೋಡಿಸಿ, ಕ್ಲಾಂಪ್ ಬಿಗಿ ಮಾಡಿದೆ. ಹತ್ತು ನಿಮಿಷದ ಕೆಲಸ. ಸ್ವಿಚ್ಚಿಗೆ ಏನೂ ಆಗಿರಲಿಲ್ಲ.

ಜಾಬ್ ಕಾರ್ಡಿನಲ್ಲಿ ‘ಬದಲಿಸಿದ ಪಾರ್ಟ್’ ಅಂತ ಒಂದು ಕಾಲಂ ಇದೆ, ‘ಕಂಡುಬಂದ ದೋಷ’ ಅಂತ ಇಲ್ಲ. ಅದಕ್ಕೇ ನಾವೆಲ್ಲ ಮೊದಲು ಕಾರ್ಬನ್ ಹಾಕುವುದು. ‘ಇಲ್ಲ’ ಅಂತ ಬರೆದು ಕೊಟ್ಟೆ. ಸೂಪರ್‌ವೈಸರ್ ಕೇಳಿದರು, “ಮತ್ತೆ ಮಧ್ಯಾಹ್ನದವರೆಗೂ ಏನ್ರೀ ಮಾಡಿದ್ರಿ?”

ಹುಡುಗ ಈಗ ಯಾವ ಮಷಿನ್ ತಂದರೂ ಮೊದಲು ಪ್ಲಗ್ಗನ್ನು ನನ್ನ ಮೂಗಿನ ಮುಂದೆ ಇಡುತ್ತಾನೆ. ಮೊನ್ನೆ ಬ್ಯಾಟರಿ ಡ್ರಿಲ್ ಬಂದಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಬ್ಯಾಟರಿ ಕಿತ್ತು ಇಟ್ಟ.