ಪೀಣ್ಯದ ನಾಲ್ಕು ವಾರ

ಕಳೆದ ವಾರ ತಮ್ಮ ಫೋನ್ ಮಾಡಿದ್ದ. ಅವನದು ಮೆಕ್ಯಾನಿಕಲ್, ಐದನೇ ಸೆಮಿಸ್ಟರ್. "ಅಕ್ಕಾ, ಎರಡು ಸಾವಿರ ಕೊಟ್ರೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಸಿಗುತ್ತಂತೆ. ಕ್ಲಾಸಲ್ಲಿ ತುಂಬಾ ಜನ ತಗೊಂಡಿದ್ದಾರೆ. ನಾನೂ ತಗೊಳ್ಲಾ?" ಬೇಡ ಅಂದೆ. ಯಾಕೆ ಬೇಡ ಅಂತ ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮ್, ಅಂದರೆ ಪಠ್ಯಕ್ರಮದವಳು. ನಮಗೆ ನಾಲ್ಕು ವಾರದ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು, ಅದೂ ರಜೆಯಲ್ಲೇ ಮುಗಿಸಬೇಕಿತ್ತು. 2022ರಲ್ಲಿ ಆರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆನ್‌ಲೈನ್‌ನಲ್ಲಿ ಮೂವತ್ತಕ್ಕೂ ಜಾಸ್ತಿ ಅರ್ಜಿ ಹಾಕಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ಪರಿಚಯದವರ ಮೂಲಕ ಹೋಗು ಅಂತ ಎಲ್ಲರೂ ಹೇಳುತ್ತಿದ್ದರು. ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವ ಅಪ್ಪನಿಗೆ ಬೆಂಗಳೂರಿನ ಕಂಪನಿಗಳ ಪರಿಚಯ ಎಲ್ಲಿಂದ ಬರಬೇಕು?

ದಾರಿ ತೋರಿಸಿದ್ದು ನಮ್ಮ ವರ್ಕ್‌ಶಾಪ್ ಲ್ಯಾಬಿನ ಇನ್‌ಸ್ಟ್ರಕ್ಟರ್. "ಇಮೇಲ್ ಬಿಡು, ಪೀಣ್ಯಕ್ಕೆ ಹೋಗಿ ಗೇಟ್ ತಟ್ಟು. ಸಣ್ಣ ಕಾರ್ಖಾನೆಯಲ್ಲಿ ಓನರ್ ನೇರವಾಗಿ ಸಿಗ್ತಾರೆ" ಅಂದರು. ಕಾಲೇಜಿನ ಪತ್ರ, ಒಂದು ಪುಟದ ರೆಸ್ಯೂಮೆ ಹಿಡಿದು ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದೆ. ಮೊದಲ ದಿನ ಹದಿನೇಳು ಗೇಟು. "ಇಂಟರ್ನ್‌ಶಿಪ್ ಇದೆಯಾ ಸಾರ್?" ಅಂದರೆ "ಇಲ್ಲಮ್ಮಾ" ಅನ್ನೋದು ಅವರಿಗೆ ಸುಲಭ. ರಾತ್ರಿ ಕೂತು ಯೋಚಿಸಿದೆ. ಮರುದಿನ ಮಾತು ಬದಲಾಯಿಸಿದೆ. "ಡ್ರಾಯಿಂಗ್ ಓದೋಕೆ ಬರುತ್ತೆ, ಮೈಕ್ರೊಮೀಟರ್ ಹಿಡಿಯೋಕೆ ಬರುತ್ತೆ. ನಾಲ್ಕು ವಾರ ನಿಮ್ಮ ಇನ್‌ಸ್ಪೆಕ್ಷನ್ ಟೇಬಲ್ ಹತ್ತಿರ ಕೆಲಸ ಕೊಡಿ" ಅಂತ ಕೇಳಿದೆ. ಐದನೇ ಗೇಟಿನಲ್ಲಿ ಓನರ್ ಒಂದು ಡ್ರಾಯಿಂಗ್ ಮುಂದಿಟ್ಟು, "ಈ ಎಚ್7 ಅಂದ್ರೆ ಏನು?" ಅಂದರು. ರಂಧ್ರದ ಅಳತೆ ಎಷ್ಟರ ಮಟ್ಟಿಗೆ ಹೆಚ್ಚಿರಬಹುದು ಅನ್ನೋ ಗುರುತು ಅದು. ಹೇಳಿದೆ. "ಸೋಮವಾರ ಬಾ" ಅಂದರು.

ಹದಿನಾಲ್ಕು ಜನರ ಕಾರ್ಖಾನೆ, ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಲೇತ್. ಸ್ಟೈಪೆಂಡ್ ಇಲ್ಲ, ಎರಡು ಹೊತ್ತು ಚಹಾ, ಮಧ್ಯಾಹ್ನ ಊಟ. ಸೋಮವಾರ ಚಪ್ಪಲಿಯಲ್ಲಿ ಹೋಗಿದ್ದೆ. ಫೋರ್‌ಮನ್ ಒಳಗೇ ಬಿಡಲಿಲ್ಲ. ಶೂ ತಗೊಂಡು ಬರುವಷ್ಟರಲ್ಲಿ ಹನ್ನೊಂದು ಗಂಟೆ ಆಗಿತ್ತು. ಫೋರ್‌ಮನ್ ಐಟಿಐ ಟರ್ನರ್, ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವರು.

ಎರಡನೇ ವಾರದ್ದು ಹೇಳಬೇಕು. ನನ್ನ ಕೆಲಸ ಉಕ್ಕಿನ ಬುಷ್‌ಗಳ (ಗಿಡ್ಡ ಕೊಳವೆಯಂಥ ಬಿಡಿಭಾಗ) ರಂಧ್ರ ಪರೀಕ್ಷೆ ಮಾಡುವುದು. 40 ಮಿ.ಮೀ. ರಂಧ್ರ, ಎಚ್7. ಅಂದರೆ 40.000ರಿಂದ 40.025ರ ಒಳಗೆ ಇರಬೇಕು. ರಂಧ್ರದ ಅಳತೆ ನೋಡೋಕೆ ಪ್ಲಗ್ ಗೇಜ್ ಅಂತ ಎರಡು ತುದಿಯ ಸಾಧನ ಇರುತ್ತೆ. ಅದರ 'ಗೋ' ತುದಿ ಒಳಗೆ ಹೋಗಬೇಕು, 'ನೋ ಗೋ' ತುದಿ ಹೋಗಬಾರದು, ಅಷ್ಟೇ. ಮೆಷಿನ್‌ನಿಂದ ಬಂದ ಹನ್ನೊಂದು ಬುಷ್ ಬೇಗ ಬೇಗ ನೋಡಿ ಓಕೆ ಟ್ರೇಗೆ ಹಾಕಿದೆ. ಹನ್ನೆರಡನೆಯದರಲ್ಲಿ ಗೇಜ್ ಇದ್ದಾಗಲೇ ಯಾರೋ ಕರೆದರು. ವಾಪಸ್ ಬಂದು ನೋಡಿದರೆ ಗೇಜ್ ಹೊರಗೆ ಬರುತ್ತಿಲ್ಲ! ಕೈ ನಡುಗಿತು. ಫೋರ್‌ಮನ್ ಬೈಯಲಿಲ್ಲ. ಹೊಸ ಬುಷ್ ಒಂದನ್ನು ನನ್ನ ಅಂಗೈಯಲ್ಲಿಟ್ಟು, "ಹೆಂಗಿದೆ?" ಅಂದರು. ಬಿಸಿ ಇತ್ತು. "ಬಿಸಿ ಇದ್ದಾಗ ರಂಧ್ರನೂ ಹಿಗ್ಗಿರುತ್ತೆ. ತಣ್ಣಗಾದ ಮೇಲೆ ನೋಡು." ಓಕೆ ಟ್ರೇಯಲ್ಲಿದ್ದ ಹನ್ನೊಂದರಲ್ಲಿ ನಾಲ್ಕಕ್ಕೆ ಆಮೇಲೆ 'ಗೋ' ತುದಿ ಹೋಗಲೇ ಇಲ್ಲ. ಸದ್ಯ, ರಂಧ್ರ ಚಿಕ್ಕದಾಗಿದ್ದರಿಂದ ಮತ್ತೆ ಬೋರಿಂಗ್ ಮಾಡಿ, ಅಂದರೆ ರಂಧ್ರ ಕೊರೆದು ಹಿಗ್ಗಿಸಿ ಉಳಿಸಿಕೊಂಡರು.

ರಾತ್ರಿ ಪಿಜಿಯಲ್ಲಿ ಲೆಕ್ಕ ಹಾಕಿದೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಹೆಚ್ಚುಕಮ್ಮಿ 11.5 ಮೈಕ್ರಾನ್ ಹಿಗ್ಗುತ್ತೆ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿ ಇದ್ದರೆ 40 ಮಿ.ಮೀ. ರಂಧ್ರ 9 ಮೈಕ್ರಾನ್ ದೊಡ್ಡದು. ನನಗೆ ಸಿಕ್ಕಿದ್ದ ಜಾಗವೇ 25 ಮೈಕ್ರಾನ್. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಸ್ಟ್ಯಾಂಡರ್ಡ್ ಇರೋದು ಯಾಕೆ ಅಂತ ಅವತ್ತು ಗೊತ್ತಾಯಿತು. ಸೂತ್ರ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ಅದು ಅಂಗೈಗೆ ಬಂದದ್ದು ಮಾತ್ರ ಪೀಣ್ಯದಲ್ಲಿ.

ದಿನಾ ಸಂಜೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದು ಫೋರ್‌ಮನ್ ಸಹಿ ಹಾಕಿಸುತ್ತಿದ್ದೆ. ಕಾಲೇಜಿನ ರಿಪೋರ್ಟ್ ಅದರಿಂದಲೇ ಎರಡು ದಿನದಲ್ಲಿ ಮುಗಿಯಿತು. ತಮ್ಮಾ, ಇದನ್ನು ತಪ್ಪಿಸಬೇಡ. ಎಂಟನೇ ಸೆಮಿಸ್ಟರ್‌ನಲ್ಲಿ ಒಂದು ಇಂಟರ್‌ವ್ಯೂನಲ್ಲಿ "ನೀನು ಮಾಡಿದ ತಪ್ಪೊಂದು ಹೇಳು" ಅಂದಾಗ ಬುಷ್ ಕಥೆ ಹೇಳಿದೆ. ಮುಂದಿನ ಇಪ್ಪತ್ತು ನಿಮಿಷ ಅದರ ಮೇಲೇ ಪ್ರಶ್ನೆ. ಈಗ ಬೊಮ್ಮಸಂದ್ರದಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ.

ಸಂಬಳವಿಲ್ಲದೆ ದುಡಿಸಿಕೊಳ್ಳೋದು ಸರೀನಾ ಅಂತ ಕೇಳಬಹುದು. ನಾಲ್ಕು ವಾರ ಕಲಿಸಿದರೆ ನನ್ನ ಪ್ರಕಾರ ಸರಿ. ಆರು ತಿಂಗಳು ಅದೇ ಡಬ್ಬ ಎತ್ತಿಸಿ ಕಳಿಸಿದರೆ ಖಂಡಿತ ತಪ್ಪು. ನಾನಿದ್ದ ಪಿಜಿಯ ಖರ್ಚಿಗೆ ಅಪ್ಪ ಸಾಲ ಮಾಡಿದ್ದು ನನಗೆ ನೆನಪಿದೆ.

ಮೊನ್ನೆ ಆ ಫೋರ್‌ಮನ್‌ಗೆ ಫೋನ್ ಮಾಡಿ ತಮ್ಮನ ವಿಷಯ ಹೇಳಿದೆ. ಬಂದು ಓನರ್ ಹತ್ತಿರ ಅವನೇ ಮಾತಾಡಲಿ ಅಂದರು. ಫೋನ್ ಇಡೋ ಮೊದಲು ಇನ್ನೊಂದು ಮಾತು: "ಅವನಿಗಾದ್ರೂ ಶೂ ಹಾಕ್ಕೊಂಡು ಬರೋಕೆ ಹೇಳಮ್ಮ."